ದುಡ್ಡು ಕಟ್ಟದ ಸಾಫ್ಟ್‌ವೇರ್‌ನಲ್ಲೇ ನನ್ನ ಸ್ಟುಡಿಯೊ

ಹಾಸನದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಗೃಹಪ್ರವೇಶ, ಸೀಸನ್ ಬಂದರೆ ಮದುವೆ. ಬಿಡುವು ಸಿಕ್ಕರೆ ಬೇಲೂರು, ಹಳೇಬೀಡಿಗೆ ಹೋಗಿ ಶಿಲ್ಪಗಳ ಫೋಟೋ ತೆಗೆಯುತ್ತೇನೆ, ಅವನ್ನು ನೋಡಿಕೊಂಡು ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುತ್ತೇನೆ.

ನಮ್ಮ ಕಡೆ ಎಡಿಟಿಂಗ್ ಅಂದರೆ ಫೋಟೋಶಾಪ್, ಅಷ್ಟೇ. 2013ರಿಂದ ಅದನ್ನು ಮಾಡುವ ಅಡೋಬಿಯವರು ಹೊಸ ಆವೃತ್ತಿಗಳನ್ನು ಬಾಡಿಗೆ ಲೆಕ್ಕದಲ್ಲೇ ಕೊಡುತ್ತಿದ್ದಾರೆ. ಆಷಾಢದಲ್ಲಿ ಮದುವೆ ಇರಲ್ಲ, ಬಾಡಿಗೆ ಮಾತ್ರ ನಿಲ್ಲಲ್ಲ. "ಪೆನ್‌ಡ್ರೈವ್ ತಗೊಂಬಾ ಅಣ್ಣ, ಕ್ರ್ಯಾಕ್ ಹಾಕಿ ಕೊಡ್ತೀನಿ" ಅಂತ ಕದ್ದ ಕಾಪಿ ಹಾಕಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಬೇರೆಯವರ ಮದುವೆ ಫೋಟೋಗಳಿರುವ ಕಂಪ್ಯೂಟರ್‌ಗೆ ಅಂಥದ್ದನ್ನು ಹಾಕಲು ನನಗೆ ಧೈರ್ಯ ಬರಲಿಲ್ಲ. ವೈರಸ್ ಬಂದು ಆಲ್ಬಮ್ ಹೋದರೆ ಹುಡುಗಿ ಅಪ್ಪನಿಗೆ ಏನು ಹೇಳುವುದು?

ಹಾಗಾಗಿ ಪುಕ್ಕಟೆ ಸಿಗುವುದನ್ನೆಲ್ಲ ಹಾಕಿ ನೋಡಿದೆ. ಮೊದಲು ಮಾಡಿದ್ದು ಕನ್ನಡದ ಪರೀಕ್ಷೆ. 'ಸ್ತ್ರೀ', 'ರಾಷ್ಟ್ರ', 'ಲಕ್ಷ್ಮೀ' ಅಂತ ಟೈಪ್ ಮಾಡಿ ಒತ್ತಕ್ಷರ ನೆಟ್ಟಗೆ ಕೂರುತ್ತದಾ ನೋಡುವುದು. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್‌ಗಳೂ ಇದರಲ್ಲಿ ಎಡವುತ್ತವೆ. ಫೋಟೋ ತಿದ್ದುವ ಗಿಂಪ್ ಮತ್ತು ಗೆರೆ-ಅಕ್ಷರದ ಡಿಸೈನ್ ಮಾಡುವ ಇಂಕ್‌ಸ್ಕೇಪ್ ಎರಡೂ ಸುಲಭವಾಗಿ ಪಾಸಾದವು. ಯೂನಿಕೋಡ್ ಅಕ್ಷರ, ಅಂದರೆ ಮೊಬೈಲ್, ಇಂಟರ್ನೆಟ್‌ನಲ್ಲೆಲ್ಲ ಬಳಸುವ ಕನ್ನಡ, ಇರಬೇಕು, ಅಷ್ಟೇ. ಡಿಟಿಪಿಯವರು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮ್ಯಾಟರ್ ಕೊಟ್ಟರೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಲಗ್ನಪತ್ರಿಕೆ, ಬ್ಯಾನರ್ ಮಾಡುವವರಿಗೆ ಇದು ಬಣ್ಣಕ್ಕಿಂತ ದೊಡ್ಡ ವಿಷಯ.

ದಿನನಿತ್ಯದ ಕೆಲಸಕ್ಕೆ ಗಿಂಪ್ ಇಟ್ಟುಕೊಂಡೆ. ಪಾಸ್‌ಪೋರ್ಟ್ ಫೋಟೋವನ್ನು 35×45 ಮಿಲಿಮೀಟರ್‌ಗೆ ಕ್ರಾಪ್ ಮಾಡಿ, 4×6 ಇಂಚಿನ ಶೀಟಿನಲ್ಲಿ 8 ಫೋಟೋ ಜೋಡಿಸಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಪ್ರಿಂಟ್‌ಗೆ ಕಳಿಸಲು ಅದೇ ಸಾಕು. 2025ರಲ್ಲಿ ಬಂದ 3.0 ಆವೃತ್ತಿಯಿಂದ ನನ್ನ ಒಂದು ತಲೆನೋವು ಕಮ್ಮಿಯಾಯಿತು. ಮುಂಚೆ ಬೆಳಕು-ಕತ್ತಲೆ ಹೊಂದಿಸುವ ಕರ್ವ್ಸ್ ಹಾಕಿದರೆ ಅದು ಚಿತ್ರದೊಳಗೇ ಸೇರಿಕೊಳ್ಳುತ್ತಿತ್ತು. ಈಗ ಲೇಯರ್ (ಚಿತ್ರದ ಪದರ) ಮೇಲೆ ಬೇರೆಯಾಗಿ ಕೂರುತ್ತದೆ, ಆಮೇಲೂ ತಿದ್ದಬಹುದು. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್" ಅಂದವರೇ ಮಾರನೇ ದಿನ ಬಂದು "ಜಾಸ್ತಿ ಆಯ್ತು" ಅನ್ನುತ್ತಾರಲ್ವಾ, ಅವರಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಗಿಂಪ್ ತಾನಾಗಿ ಸೇವ್ ಮಾಡಲ್ಲ. ಮಳೆಗಾಲದಲ್ಲಿ ನಮ್ಮ ಕರೆಂಟ್ ಹೇಗೆ ಅಂತ ಗೊತ್ತಲ್ಲ. ಕಂಟ್ರೋಲ್-ಎಸ್ ಒತ್ತುವುದನ್ನು ಬೆರಳಿಗೆ ಕಲಿಸಿಬಿಡಿ.

ಶಿಲ್ಪದ ಫೋಟೋಗಳ ಕಥೆ ಬೇರೆ. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ ನೆರಳಿನಲ್ಲಿದ್ದಾರೆ. ಕಲ್ಲು ಕಪ್ಪು, ಹಿಂದಿನ ಆಕಾಶ ಬೆಳ್ಳಗೆ ಉರಿಯುತ್ತಿರುತ್ತದೆ. ಜೆಪೆಗ್‌ನಲ್ಲಿ ತೆಗೆದರೆ ಒಂದೋ ಮುಖ ಹೋಗುತ್ತದೆ, ಇಲ್ಲಾ ಆಕಾಶ ಹೋಗುತ್ತದೆ. ಅದಕ್ಕೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ರಾ ಫೈಲ್‌ನಲ್ಲಿ, ಆಕಾಶ ಉಳಿಯುವ ಹಾಗೆ ತುಸು ಕಪ್ಪಾಗಿಯೇ ತೆಗೆದು, ಅಂಥ ಫೈಲ್ ತಿದ್ದುವ ಡಾರ್ಕ್‌ಟೇಬಲ್‌ನಲ್ಲಿ ತೆರೆಯುತ್ತೇನೆ. ಅದರಲ್ಲಿ ಟೋನ್ ಈಕ್ವಲೈಜರ್ ಅಂತ ಒಂದಿದೆ. ಕತ್ತಲೆ ಇರುವ ಭಾಗವನ್ನಷ್ಟೇ ಮೇಲೆತ್ತಬಹುದು. ಹಾಗಂತ ಸಿಕ್ಕಾಪಟ್ಟೆ ಎತ್ತಬಾರದು. ಬಳಪದ ಕಲ್ಲಿನ ಆ ಸೂಕ್ಷ್ಮ ಕೆತ್ತನೆ ಎದ್ದು ಕಾಣುವುದೇ ನೆರಳಿನಿಂದ. ನೆರಳು ಅಳಿಸಿದರೆ ಶಿಲ್ಪ ಪ್ಲಾಸ್ಟರ್ ಗೊಂಬೆ ಆಗುತ್ತದೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಇಂಥ ಬೆಳ್ಳನೆ ಮದನಿಕೆಯರ ಫೋಟೋ ಎಲ್ಲೆಲ್ಲೂ ಕಾಣುತ್ತಿವೆ, ನನಗಂತೂ ನೋಡಕ್ಕಾಗಲ್ಲ.

ಡಾರ್ಕ್‌ಟೇಬಲ್ ಮೂಲ ಫೈಲ್ ಮುಟ್ಟುವುದಿಲ್ಲ. ತಿದ್ದುಪಡಿಗಳನ್ನು ಪಕ್ಕದ ಒಂದು ಪುಟ್ಟ ಫೈಲ್‌ನಲ್ಲಿ ಬರೆದಿಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಕಂಪ್ಯೂಟರ್‌ನಲ್ಲಿ ನಿಧಾನ. ಕಲಿಯಲಿಕ್ಕೂ ತಾಳ್ಮೆ ಬೇಕು, ಬಟನ್‌ಗಳ ಜಾತ್ರೆಯೇ ಇದೆ.

ಚಿತ್ರ ಬಿಡಿಸಲು ಕ್ರಿಟಾ. ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಗೆರೆಯ ನಡುಕ ತಡೆಯುವ ಸ್ಟೆಬಿಲೈಜರ್ ಇದೆ. ಮಿರರ್ ಟೂಲ್ ಒತ್ತಿದರೆ ಮಕರತೋರಣದ ಒಂದು ಬದಿ ಬಿಡಿಸಿದಂತೆ ಇನ್ನೊಂದು ಬದಿ ತಾನೇ ಮೂಡುತ್ತದೆ. ಆಫ್‌ಸೆಟ್ ಪ್ರೆಸ್‌ನವರು ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕ) ಕೇಳಿದರೂ ಇದು ಸೈ, ಮೊದಲಿನಿಂದಲೇ ಅದರಲ್ಲಿ ಬಿಡಿಸಬಹುದು. ಗಿಂಪ್‌ನಲ್ಲಾದರೆ ಕೆಲಸವೆಲ್ಲ ಆರ್‌ಜಿಬಿಯಲ್ಲೇ (ಪರದೆಯ ಬಣ್ಣದ ಲೆಕ್ಕ), ಸಿಎಂವೈಕೆಗೆ ಕೊನೆಯಲ್ಲಿ ಬದಲಿಸಿ ಹೊರಕಳಿಸಬಹುದು ಅಷ್ಟೇ. ಪೆನ್ ಟ್ಯಾಬ್ಲೆಟ್‌ಗೆ ಮಾತ್ರ ದುಡ್ಡು ಹಾಕಿ. ಪರದೆ ಇಲ್ಲದ ಚಿಕ್ಕದೇ ಸಾಕು. ಮೌಸ್‌ನಲ್ಲಿ ಬಿಡಿಸುತ್ತಾ ಕೂರಬೇಡಿ.

ಆಲ್ಬಮ್ ಡಿಸೈನ್‌ಗಳು ಬರುವುದೆಲ್ಲ ಪಿಎಸ್‌ಡಿಯಲ್ಲಿ, ಅಂದರೆ ಫೋಟೋಶಾಪ್‌ನ ಫೈಲ್‌ನಲ್ಲಿ. ಗಿಂಪ್ ತೆರೆಯುತ್ತದೆ, ಆದರೆ ಕೆಲವು ಲೇಯರ್ ಅಲಂಕಾರಗಳು ಕೆಡುತ್ತವೆ. ಅಂಥವನ್ನು ಫೋಟೋಪಿಯಾದಲ್ಲಿ ತೆರೆಯುತ್ತೇನೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಪಕ್ಕದಲ್ಲಿ ಜಾಹೀರಾತು ಇರುತ್ತದೆ, ಫೈಲ್ ನಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ತೆರೆಯಲು ನೆಟ್ ಬೇಕು, ಸಕಲೇಶಪುರ ಕಡೆ ಎಸ್ಟೇಟ್‌ಗಳಿಗೆ ಹೋದಾಗ ನಂಬಿಕೊಳ್ಳಕ್ಕಾಗಲ್ಲ.

ಹೊಸದಾಗಿ ಶುರು ಮಾಡುವವರು ಕ್ರಿಟಾವನ್ನು ಅದರ ಸ್ವಂತ ತಾಣದಿಂದ ಇಳಿಸಿಕೊಳ್ಳಿ, ಪುಕ್ಕಟೆ. ಮೈಕ್ರೋಸಾಫ್ಟ್ ಸ್ಟೋರ್ ಮತ್ತು ಸ್ಟೀಮ್‌ನಲ್ಲಿ ಅದಕ್ಕೇ ಬೆಲೆ ಇಟ್ಟಿದ್ದಾರೆ. ಆ ದುಡ್ಡು ಕ್ರಿಟಾ ಕಟ್ಟುವವರ ಕೆಲಸಕ್ಕೇ ಹೋಗುತ್ತದೆ, ಸಂಪಾದನೆ ಶುರುವಾದ ಮೇಲೆ ಬೇಕಿದ್ದರೆ ಅಲ್ಲಿ ಕೊಳ್ಳಬಹುದು.