ಆಟಿಯಲ್ಲಿ ಮನೆ ಸಾಗಿಸಿದೆವು, ಒಂದು ಪೆಟ್ಟಿಗೆಯೂ ನೆನೆಯಲಿಲ್ಲ

ಮೇ ತಿಂಗಳಲ್ಲಿ ಕೇಳಿದಾಗ 26 ಸಾವಿರ ಎಂದ ಪ್ಯಾಕರ್ಸ್‌ನವರೇ ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಶುರುವಾಗುವ ತುಳು ತಿಂಗಳಲ್ಲಿ, 13 ಸಾವಿರಕ್ಕೆ ಒಪ್ಪಿಕೊಂಡರು. ಅದೇ ಕಂಪನಿ, ಅದೇ 14 ಅಡಿಯ ಕಂಟೇನರ್, ಅದೇ ಎರಡು ಬೆಡ್‌ರೂಮಿನ ಸಾಮಾನು. ಉಡುಪಿಯ ಕುಂಜಿಬೆಟ್ಟಿನಿಂದ ಮಂಗಳೂರಿನ ಬಿಜೈಗೆ, ಹೆಚ್ಚೆಂದರೆ 60 ಕಿ.ಮೀ. ಪ್ಯಾಕಿಂಗ್ ನಾನೇ ಮಾಡಿಕೊಳ್ಳುತ್ತೇನೆ ಎಂದದ್ದಕ್ಕೆ ಐದಾರು ಸಾವಿರ ಇಳಿಯಿತು. ಉಳಿದದ್ದೆಲ್ಲ ಆಟಿಯ ಕೃಪೆ.

ಹೇಳಿದಾಗ ಯಾರೂ ನಂಬಿರಲಿಲ್ಲ. ಹೆಂಡತಿಯ ತಮ್ಮ ಫೋನ್ ಮಾಡಿ, “ನಿಮಗೆಂತ ಮರ್ಲಾ (ಹುಚ್ಚಾ) ಭಾವ? ಈ ಮಳೆಗೆ ಯಾರಾದ್ರೂ ಮನೆ ಬದಲು ಮಾಡ್ತಾರಾ?” ಎಂದ. ಅಮ್ಮನಿಗೆ ಮಳೆಗಿಂತ ಆಟಿಯದ್ದೇ ಚಿಂತೆ, ಆಟಿಯಲ್ಲಿ ಶುಭಕಾರ್ಯ ಮಾಡುವುದಿಲ್ಲವಲ್ಲ. ಅದಕ್ಕೆ ನಾನು ಮೊದಲೇ ದಾರಿ ಮಾಡಿಟ್ಟಿದ್ದೆ. ಆಟಿಗೆ ಎರಡು ತಿಂಗಳು ಮೊದಲು ಬರುವ ಬೇಶ ತಿಂಗಳಲ್ಲೇ ಹೊಸ ಫ್ಲ್ಯಾಟಿನಲ್ಲಿ ಗಣಹೋಮ ಮಾಡಿಸಿ, ಹಾಲು ಉಕ್ಕಿಸಿ, ದೇವರ ಫೋಟೊ, ದೀಪ, ಅಕ್ಕಿ, ತೆಂಗಿನಕಾಯಿ ಇಟ್ಟು ಬಂದಿದ್ದೆವು. ಶಾಸ್ತ್ರದ ಪ್ರಕಾರ ನಾವು ಬೇಶದಲ್ಲೇ ಒಕ್ಕಲಾದವರು, ಅಂದರೆ ಗೃಹಪ್ರವೇಶ ಮುಗಿಸಿದವರು. ಆಟಿಯಲ್ಲಿ ಹೋದದ್ದು ಬರೀ ಸಾಮಾನು. ಈ ವಾದಕ್ಕೆ ಅಮ್ಮನ ಹತ್ತಿರ ಉತ್ತರ ಇರಲಿಲ್ಲ.

ನಾನು ಬ್ಯಾಂಕಿನವ. ವರ್ಗಾವಣೆ ಅಂದರೆ ಏನು ಅಂತ ನನ್ನಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸಲ ಮಾತ್ರ ಸ್ವಂತ ಫ್ಲ್ಯಾಟಿಗೆ ಹೋಗುವುದು, ಬ್ಯಾಂಕಿನಿಂದ ಒಂದು ಪೈಸೆ ಬರುವುದಿಲ್ಲ. ಹಾಗಾಗಿ ಲೆಕ್ಕ ಹಾಕಲೇಬೇಕಾಯಿತು.

ಹಿಂದಿನ ಸಾಗಾಟಗಳಲ್ಲಿ ಸಾಕಷ್ಟು ಅನುಭವಿಸಿ ಆಗಿದೆ. ಹುಬ್ಬಳ್ಳಿಯಿಂದ ಬರುವಾಗ ಎಲ್ಲರಿಗಿಂತ ಕಡಿಮೆ ಹೇಳಿದವರನ್ನು ಹಿಡಿದಿದ್ದೆವು. ಲಾರಿ ಅರಬೈಲ್ ಘಾಟಿ ಇಳಿದು ಅಂಕೋಲಾ ಮುಟ್ಟಿತು. ಅಲ್ಲಿಂದ ಡ್ರೈವರ್ ಫೋನ್. ಸಾಮಾನು ಹೇಳಿದ್ದಕ್ಕಿಂತ ಜಾಸ್ತಿ ಇದೆ, ಇನ್ನೂ ಎಂಟು ಸಾವಿರ ಹಾಕಿದರೆ ಮಾತ್ರ ಮುಂದೆ ಬರುವುದು. ಮನೆಯೆಲ್ಲ ಅವರ ಲಾರಿಯಲ್ಲಿ, ನನ್ನ ಕೈಯಲ್ಲಿ ಒಂದು ಚೀಟಿ. ಹಾಕಿದೆ, ಮತ್ತೇನು ಮಾಡುವುದು? ಶಿವಮೊಗ್ಗದಿಂದ ಬರುವಾಗ ಬೇರೆ ಪಾರ್ಟಿ. ಟಿವಿ ಒಡೆಯಿತು. ಮೂರು ಪರ್ಸೆಂಟ್ ಟ್ರಾನ್ಸಿಟ್ ಇನ್ಶೂರೆನ್ಸ್ ಅಂತ ತೆಗೆದುಕೊಂಡಿದ್ದರಲ್ಲ, ಪಾಲಿಸಿ ನಂಬರ್ ಕೊಡಿ ಎಂದರೆ ಪಾಲಿಸಿಯೇ ಇಲ್ಲ. ಟರ್ಪಾಲಿನ ಮಡಿಕೆಯಲ್ಲಿ ನಿಂತ ನೀರೆಲ್ಲ ಹಾಸಿಗೆಗೆ ಇಳಿದು, ಹಿಂಡಿದರೆ ಅರ್ಧ ಬಕೆಟ್ ಬಂತು. ಅಂದಿನಿಂದ ಇನ್ಶೂರೆನ್ಸ್ ಅಂದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇರುವ ಕಾಗದ. ಅದಿಲ್ಲವಾದರೆ ಆ ಸಾಲನ್ನೇ ಹೊಡೆದು ಹಾಕಿ ಎನ್ನುತ್ತೇನೆ. ಈ ಸಲ ಹೊಡೆಸಿದೆ. ಟಿವಿಯನ್ನು ರಜಾಯಿಯಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿ ನನ್ನ ಕಾರಿನಲ್ಲೇ ತಂದೆ.

ಇನ್ನು ಆಟಿ ಯಾಕೆ ಎಂದು. ಬೇಶದ ಹತ್ತನೇ ದಿನ, ಪತ್ತನಾಜೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಜುಲೈ ಮಧ್ಯದಲ್ಲಿ ಆಟಿ ಶುರುವಾದ ಮೇಲೆ ಮದುವೆಯೂ ಇಲ್ಲ, ಒಕ್ಕಲೂ ಇಲ್ಲ. ಟೆಂಪೋದವರು, ಲೋಡಿಂಗ್‌ನವರು, ಶಾಮಿಯಾನದವರು ಎಲ್ಲ ಕೈ ಕಟ್ಟಿ ಕೂತಿರುತ್ತಾರೆ. ಮೇ ತಿಂಗಳಲ್ಲಿ ಫೋನ್ ಎತ್ತದವರು ಆಟಿಯಲ್ಲಿ ತಾವೇ ತಿರುಗಿ ಫೋನ್ ಮಾಡುತ್ತಾರೆ. ಅದರಲ್ಲೂ ವಾರದ ನಡುವೆ, ತಿಂಗಳ 20ರ ಆಸುಪಾಸು ಹಿಡಿಯಬೇಕು. 30, 31, 1ನೇ ತಾರೀಕು ಬಾಡಿಗೆ ಮನೆಯವರ ಗಲಾಟೆ. ಆಟಿ ಅಮಾವಾಸ್ಯೆ ಬಿಟ್ಟೆ, ಅದು ಅಮ್ಮನಿಗೋಸ್ಕರ.

ಆನ್‌ಲೈನಿನಲ್ಲಿ ನಂಬರ್ ಹಾಕಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಕಾಫಿ ಆರುವ ಮೊದಲು ಹತ್ತು ಫೋನ್. ಒಬ್ಬರು 9 ಸಾವಿರ, ಇನ್ನೊಬ್ಬರು 28. ಫೋನಿನಲ್ಲೇ ರೇಟ್ ಹೇಳಿದವರನ್ನು ಬಿಟ್ಟೆ. ಮನೆಗೆ ಬಂದು ನೋಡಿದವರು ಮೂವರು, ವಿಡಿಯೊ ಕಾಲ್‌ನಲ್ಲಿ ನೋಡಿದವರು ಒಬ್ಬರು. ಕಪಾಟಿನ ಬಾಗಿಲು ತೆಗೆಸಿ, ಬಾಲ್ಕನಿ, ಅಟ್ಟ ನೋಡಿ, ಎಷ್ಟು ಸಿಎಫ್‌ಟಿ (ಘನ ಅಡಿ) ಆಗುತ್ತದೆ ಎಂದು ಬರೆದುಕೊಂಡವರನ್ನು ಇಟ್ಟುಕೊಂಡೆ. ಅವರಿಂದ 13 ಸಾವಿರಕ್ಕೆ ಇಳಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ನಾಳೆ ನನಗೆ ನಡೆಯುವುದಿಲ್ಲ. ಅಡ್ವಾನ್ಸ್ ಎರಡು ಸಾವಿರ ಕೊಟ್ಟೆ. ಉಳಿದದ್ದು ಬಿಜೈಯಲ್ಲಿ ಕೊನೆಯ ಕ್ರೇಟ್ ಇಳಿಸಿದ ಮೇಲೆ, ದಾರಿಯಲ್ಲಿ ಗಾಡಿ ಬದಲಿಸುವಂತಿಲ್ಲ. ಇವೆರಡನ್ನೂ ಕೊಟೇಶನ್ನಿನ ಮೇಲೇ ಬರೆಸಿದೆ.

ಕಂಟೇನರ್ ಅಂದ ಮಾತ್ರಕ್ಕೆ ಒಳಗೆ ಒಣಗಿರುತ್ತದೆ ಎಂದು ತಿಳಿಯಬೇಡಿ. ಸಾಮಾನು ತುಂಬಿಸುವ ಮೊದಲು ನಾನು ಒಳಗೆ ಹೋಗಿ ನಿಂತು, ಡ್ರೈವರಿಗೆ ಹೊರಗಿನಿಂದ ಬಾಗಿಲು ಹಾಕಲು ಹೇಳಿದೆ. ಅವರು ನಗಾಡಿದರು. ಒಂದೆರಡು ನಿಮಿಷ ಕಣ್ಣಿಗೆ ಏನೂ ಕಾಣುವುದಿಲ್ಲ. ಆಮೇಲೆ ಬೆಳಕು ಎಲ್ಲೆಲ್ಲಿ ತೂರಿ ಬರುತ್ತದೆ ಅಂತ ಸರಿಯಾಗಿ ಗೊತ್ತಾಗುತ್ತದೆ. ಹಿಂದಿನ ಬಲ ಮೂಲೆಯಲ್ಲಿ, ರಿವೆಟ್ ಕಿತ್ತು ಹೋದಲ್ಲಿ ಎರಡು ತೂತು. ಬಾಗಿಲಿನ ರಬ್ಬರ್ ಕೆಳಗೆ ಒಂದು ಬೆರಳಿನಷ್ಟು ಸಂದು. ತೂತಿಗೆ ಒಳಗಿನಿಂದ ಎಂ-ಸೀಲ್ ಮೆತ್ತಿದೆ, ಸಂದಿಗೆ ಹಳೆ ಸೈಕಲ್ ಟ್ಯೂಬ್ ಕೊಯ್ದು ತುರುಕಿದೆ. ಆಗ ಡ್ರೈವರ್ ನಗಾಡಲಿಲ್ಲ, ಮಿಕ್ಕಿದ ಎಂ-ಸೀಲ್ ಕೇಳಿ ತೆಗೆದುಕೊಂಡರು.

ಪೆಟ್ಟಿಗೆಯದ್ದು ಬೇರೆಯೇ ಕತೆ. ಜುಲೈ ಒಂದರಲ್ಲೇ ಇಲ್ಲಿ 1000 ಮಿ.ಮೀ. ಮಳೆ ದಾಟುವುದು ಮಾಮೂಲು. ಕಾರ್ಟನ್ ಪೆಟ್ಟಿಗೆಗೆ ಮಳೆ ತಾಗಲೇಬೇಕೆಂದಿಲ್ಲ, ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ. ಮೂರು ಪೆಟ್ಟಿಗೆ ಒಂದರ ಮೇಲೊಂದು ಇಟ್ಟು ಒಂದು ರಾತ್ರಿ ಬಿಟ್ಟು ನೋಡಿದೆ, ಬೆಳಿಗ್ಗೆ ಕೆಳಗಿನದ್ದು ಸೊಂಟ ಮುರಿದುಕೊಂಡಿತ್ತು. ಅದೂ 5 ಪ್ಲೈ, ಐದು ಪದರದ್ದು! ಹಾಗಾದರೆ ಪ್ಲಾಸ್ಟಿಕ್ ಕ್ರೇಟ್. ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ, ಕ್ರೇಟುಗಳು ರಾಶಿ ಬಿದ್ದಿದ್ದವು. ಪರಿಚಯದವರು ಹತ್ತಿಪ್ಪತ್ತು ಪುಕ್ಕಟೆ ಕೊಟ್ಟರು. ಬ್ಲೀಚಿಂಗ್ ಪೌಡರ್ ಹಾಕಿ ತೊಳೆದೆ. ಹುಣಸೆಹುಳಿ ಹಾಕಿ ತಿಕ್ಕಿದೆ. ಬಿಸಿಲಿಗಿಡೋಣ ಅಂದರೆ ಬಿಸಿಲೆಲ್ಲಿ? ಪ್ರಯೋಗಕ್ಕೆ ಸ್ವಲ್ಪ ಪುಸ್ತಕ ತುಂಬಿಟ್ಟೆ. ಎರಡು ದಿನ ಬಿಟ್ಟು ತೆಗೆದಾಗ ಹೆಂಡತಿ, “ಇದನ್ನು ಓದುವಾಗ ಮೇಲಿಂದ ನಿಂಬೆಹುಳಿ ಹಿಂಡಿಕೊಳ್ಳಿ” ಎಂದಳು. ವಾಪಸ್ ಕೊಟ್ಟು ಬಂದೆ. ಮೀನು ಸಾಗಿಸುವ ಇನ್ಸುಲೇಟೆಡ್ ಗಾಡಿಯೇ ಈಗ ಬಾಡಿಗೆಗೆ ಸಿಗುತ್ತದೆ, ನೀರು ಒಳಗೆ ಬರುವ ಪ್ರಶ್ನೆಯೇ ಇಲ್ಲ ಎಂದು ಅಲ್ಲೊಬ್ಬರು ಹೇಳಿದರು. ವಾಸನೆ ಹೊರಗೆ ಹೋಗುವ ಪ್ರಶ್ನೆಯೂ ಇಲ್ಲ.

ಕಡೆಗೆ ತರಕಾರಿ ಹೋಲ್‌ಸೇಲಿನವರ ಹತ್ತಿರ ಟೊಮೆಟೊ ಕ್ರೇಟ್ ಸಿಕ್ಕಿತು, ಒಂದಕ್ಕೆ ಹದಿನೈದು ರೂಪಾಯಿಯಂತೆ ನಲವತ್ತು ಚಿಲ್ಲರೆ. ಡೆಪಾಸಿಟ್ ಬೇರೆ, ಅದು ವಾಪಸ್ ಬಂತು. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ತುಂಬಿಸಿ, ಬಾಯಿ ತಿರುಚಿ ಕಟ್ಟುವುದು. ಎಷ್ಟು ಪೇರಿಸಿದರೂ ಜಗ್ಗುವುದಿಲ್ಲ. ನಂಬರನ್ನು ಎರಡು ಬದಿಗೆ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಬೇಕು, ಇಲ್ಲವಾದರೆ ಮಾರ್ಕರ್ ಶಾಯಿ ಕರಗಿ ಹೋಗುತ್ತದೆ.

ಬಟ್ಟೆ ಕ್ರೇಟುಗಳಿಗೆ ಬೂಷ್ಟು ಹಿಡಿಯದಂತೆ ಏನು ಹಾಕುವುದು ಎಂದು ಜೂನ್ ಪೂರ್ತಿ ಪರೀಕ್ಷೆ ಮಾಡಿದೆ. ಒಂದರಲ್ಲಿ ಕರ್ಪೂರ, ಒಂದರಲ್ಲಿ ಲವಂಗ, ಒಂದರಲ್ಲಿ ಸಿಲಿಕಾ ಜೆಲ್, ಇನ್ನೊಂದರಲ್ಲಿ ಹಳೆ ಕಾಲುಚೀಲಕ್ಕೆ ತುಂಬಿದ ಗೆರಟೆ (ತೆಂಗಿನ ಚಿಪ್ಪಿನ) ಇದ್ದಿಲು. ಕರ್ಪೂರ ಪರಿಮಳಕ್ಕೆ ಸರಿ, ಬೂಷ್ಟು ಅದರ ಪಾಡಿಗೆ ಅದು ಬಂತು. ಲವಂಗ ದಂಡ. ಸಿಲಿಕಾ ಜೆಲ್ ಒಳ್ಳೆಯದೇ, ಆದರೆ ನಲವತ್ತು ಕ್ರೇಟಿಗೆ ಹಾಕುವಷ್ಟು ತಂದರೆ ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು. ಗೆರಟೆ ಇದ್ದಿಲು ಬಿಟ್ಟಿ. ಅದರ ಜೊತೆ ಇನ್ನೊಂದು ವಸ್ತು ಸೇರಿಸಿದೆ, ಅದು ನನ್ನಲ್ಲೇ ಇರಲಿ.

ಈಗ ಮುಖ್ಯ ವಿಷಯ. ಸಾಮಾನು ನೆನೆಯುವುದು ಹೆದ್ದಾರಿಯಲ್ಲಲ್ಲ. ಮನೆ ಬಾಗಿಲಿಂದ ಲಾರಿ ಬಾಗಿಲಿಗೆ ಹೋಗುವ ಆ ಹತ್ತು ಹದಿನೈದು ಹೆಜ್ಜೆಯಲ್ಲಿ. ಕಂಟೇನರಿನ ಎತ್ತರಕ್ಕೆ ಅದು ಯಾವ ಪೋರ್ಟಿಕೋ ಒಳಗೂ ನುಗ್ಗುವುದಿಲ್ಲ. ಪ್ಯಾಕರ್ಸ್‌ನವರು ಇದಕ್ಕೆ ಸ್ಟ್ರೆಚ್ ಫಿಲ್ಮ್ ಸುತ್ತುತ್ತೇವೆ ಎನ್ನುತ್ತಾರೆ. ಸೋಫಾಕ್ಕೆ ಸರಿ. ಪಾರ್ಟಿಕಲ್ ಬೋರ್ಡಿನ ಕಪಾಟಿಗೆ ಎಲ್ಲೋ ಒಂದು ಅಂಚಿನಲ್ಲಿ ನೀರು ಹೊಕ್ಕರೆ ಮುಗಿಯಿತು, ಅದು ಉಬ್ಬಿ ನಿಲ್ಲುತ್ತದೆ.

ನಾನು ಶಾಮಿಯಾನದವರನ್ನು ಹಿಡಿದೆ. ಸೀಸನ್ನಿನಲ್ಲಿ ಐದು ಸಾವಿರ ಕೊಟ್ಟರೂ ಡೇಟ್ ಸಿಗದ ಜನ, ಆಟಿಯಲ್ಲಿ ಒಂದೂವರೆ ಸಾವಿರಕ್ಕೆ ಬಂದರು. “ಮದುವೆಯಾ, ಬೊಜ್ಜವಾ (ಉತ್ತರಕ್ರಿಯೆಯಾ)?” ಎಂದು ಕೇಳಿದರು. ಮನೆ ಸಾಮಾನಿಗೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಅಡಿಕೆ ಮರದ ಕಂಬ ನಿಲ್ಲಿಸಿ, ಮನೆ ಬಾಗಿಲಿಂದ ಕಂಟೇನರ್ ಒಳಗೆ ಎರಡಡಿ ಹೋಗುವ ತನಕ ಟರ್ಪಾಲ್ ಎಳೆಸಿದೆ. ಚಪ್ಪರದ ಹಾಗೆ ಮಟ್ಟಸ ಕಟ್ಟಿದರೆ ನಡುವೆ ನೀರು ನಿಂತು ಹೊಟ್ಟೆ ಬರುತ್ತದೆ. ಒಂದು ಬದಿ ಸುಮಾರು ಒಂದೂವರೆ ಅಡಿ ತಗ್ಗಿಸಬೇಕು. ನೆಲಕ್ಕೆ ಗೋಣಿ, ಅದರ ಮೇಲೆ ನಾರಿನ ಚಾಪೆ, ಕಾಲು ಜಾರಬಾರದಲ್ಲ. ಬಿಜೈಯಲ್ಲಿ ಅಲ್ಲಿಯವರದೇ ಇನ್ನೊಂದು ಚಪ್ಪರ ಕಾಯುತ್ತಿತ್ತು. ಲೋಡ್ ಮಾಡುವಾಗ ಅರ್ಧ ಗಂಟೆ ಅಂಥಾ ಮಳೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಟರ್ಪಾಲಿನ ತಗ್ಗಿನ ಬದಿಯಿಂದ ನೀರು ಧಾರೆಯಾಗಿ ಬೀಳುತ್ತಿತ್ತು, ಒಳಗೆ ಆರು ಜನ ಸೋಫಾ ಹೊತ್ತು ಆರಾಮವಾಗಿ ನಡೆಯುತ್ತಿದ್ದರು. ಮೇಲ್ಮಹಡಿಯವರು ಬಾಲ್ಕನಿಯಿಂದ ಬಗ್ಗಿ ವಿಡಿಯೊ ಮಾಡಿಕೊಂಡರು.

ಫ್ರಿಜ್ಜು, ಇನ್ವರ್ಟರ್ ಬ್ಯಾಟರಿ ವಿಷಯ ಗೊತ್ತಿರುವುದೇ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿನ ಟ್ರಾನ್ಸಿಟ್ ಬೋಲ್ಟ್, ಅಂದರೆ ಸಾಗಿಸುವಾಗ ಒಳಗಿನ ಡ್ರಮ್ ಅಲ್ಲಾಡದಂತೆ ಹಿಡಿಯುವ ಬೋಲ್ಟ್ ಮಾತ್ರ ಹೆಚ್ಚಿನವರು ಕಳೆದುಕೊಂಡಿರುತ್ತಾರೆ. ನನ್ನದು ಕೊಂಡ ದಿನವೇ ಕವರಿನಲ್ಲಿ ಹಾಕಿ ಮೆಷಿನ್ ಹಿಂದೆ ಅಂಟಿಸಿಟ್ಟದ್ದು. ಲೋಡಿಂಗ್‌ನವರೇ ಮೆಚ್ಚಿದರು. ಅಮ್ಮನ ಮಿಡಿ ಉಪ್ಪಿನಕಾಯಿ, ಉಪ್ಪು ಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಭರಣಿಗಳನ್ನು ಅವರು ಮುಟ್ಟುವುದಿಲ್ಲ ಎಂದರು, ನೀರು ಪದಾರ್ಥ ಬೇಡವಂತೆ. ಅಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ದೊಡ್ಡ ಭರಣಿಯನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದು ಹೆಜಮಾಡಿ ಟೋಲ್ ದಾಟಿದರು.

ಕೂಳೂರು ತಲುಪುವಾಗ ಕೊಟ್ಟಾರ ಚೌಕಿಯಲ್ಲಿ ನೀರು ತುಂಬಿದೆ ಎಂದು ಫೋನ್ ಬಂತು. ಅದು ಪ್ರತಿ ಮಳೆಗಾಲದ ಸುದ್ದಿ. ಮೊದಲೇ ಹೇಳಿಟ್ಟಂತೆ ಗಾಡಿ ಕಾವೂರು, ಬೊಂದೆಲ್, ಯೆಯ್ಯಾಡಿಯಾಗಿ ಕೆಪಿಟಿ ಕಡೆಯಿಂದ ಬಿಜೈಗೆ ಬಂತು. ಫ್ಲ್ಯಾಟಿನ ಅಸೋಸಿಯೇಶನ್‌ನವರು ಐದು ಗಂಟೆಯ ಮೇಲೆ ಲಿಫ್ಟ್ ಕೊಡುವುದಿಲ್ಲ ಎಂದಿದ್ದರು. ನಾಲ್ಕೂವರೆಗೆ ಕೆಲಸ ಮುಗಿದಿತ್ತು. ಹುಡುಗರಿಗೆ ಬಿಸಿ ಗೋಳಿಬಜೆ, ಚಾ, ಮೇಲೆ ತಲಾ ಇನ್ನೂರು.

ಲೆಕ್ಕ ಹೀಗೆ. 13 ಸಾವಿರಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 15 ಸಾವಿರ ಚಿಲ್ಲರೆ. ಎರಡು ಚಪ್ಪರಕ್ಕೆ ಮೂರು. ಕ್ರೇಟು, ಚೀಲ, ಟೇಪ್ ಒಂದೂವರೆ. ಒಟ್ಟು ಹತ್ತಿರ ಹತ್ತಿರ 20. ಮೇ ತಿಂಗಳ ಕೊಟೇಶನ್ ಟ್ಯಾಕ್ಸ್ ಸೇರಿ 31ರ ಹತ್ತಿರ ಹೋಗುತ್ತಿತ್ತು. ಎಸಿ ಬಿಚ್ಚಿ ಕೂರಿಸಲು ಬೇರೆ ನಾಲ್ಕು ಸಾವಿರ ಹೋಯಿತು, ಅದು ಯಾವ ತಿಂಗಳಾದರೂ ಹೋಗುವಂಥದ್ದು. ಗ್ಯಾಸ್ ಸಿಲಿಂಡರನ್ನು ಉಡುಪಿಯ ಏಜೆನ್ಸಿಗೆ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ತೆಗೆದುಕೊಂಡಿದ್ದೆ. ಡೆಪಾಸಿಟ್ ಹಳೆಯ ರೇಟಿನಲ್ಲಿ ವಾಪಸ್ ಸಿಕ್ಕಿ ಹೊಸ ರೇಟಿನಲ್ಲಿ ಕಟ್ಟುವುದು, ಅದನ್ನೂ ನಿಮ್ಮ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಅಜ್ಜನ ಕಾಲದ ಹಲಸಿನ ಮಂಚ ಒಂದೇ ಈ ಲೆಕ್ಕಕ್ಕೆ ಬಗ್ಗದ್ದು. ಮಳೆ ಹಿಡಿದರೆ ಮರ ಉಬ್ಬಿ ಕೂಡುಗಳು ಕಳಚುವುದಿಲ್ಲ. ಅದು ಗೊತ್ತಿದ್ದೇ ಮೇ ಕೊನೆಯಲ್ಲಿ ಬಿಚ್ಚಿಟ್ಟು ಅಲ್ಲಿಂದ ನೆಲದಲ್ಲೇ ಮಲಗಿದ್ದೆವು. ಈಗ ಬಿಚ್ಚಿದ ಕೂಡುಗಳೂ ಉಬ್ಬಿ ಒಂದರೊಳಗೊಂದು ಹೋಗುತ್ತಿಲ್ಲ. ಆಚಾರಿಯವರನ್ನು ಕರೆಸಿದೆ. ಉಳಿ ಹಾಕಿದರೆ ಬೇಸಗೆಯಲ್ಲಿ ಸಡಿಲಾಗುತ್ತದೆ, ಆಟಿಯ ನಂತರದ ಸೋಣ ತಿಂಗಳೂ ಕಳೆದು ನಾಲ್ಕು ಬಿಸಿಲು ಬರಲಿ, ಆಮೇಲೆ ಬರುತ್ತೇನೆ ಎಂದು ಚಾ ಕುಡಿದು ಹೋದರು.