ಮೊಣಕೈಯ ಚಿತ್ರ

ಬೀದಿಯಲ್ಲಿ, ಬಸ್ಸಿನಲ್ಲಿ ಹೆಂಗಸರು ಅನುಭವಿಸುವ ಕಿರುಕುಳವನ್ನು ವಸ್ತುವಾಗಿಟ್ಟುಕೊಂಡು ನಾನು ಬರೆದ ಮೊದಲ ಚಿತ್ರ ಕೆಟ್ಟದಾಗಿತ್ತು. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ತೈಲವರ್ಣದ ಆ ಕ್ಯಾನ್ವಾಸಿನಲ್ಲಿ ತುಂಬಿದ ನಗರದ ಬಸ್ಸೊಂದಿತ್ತು, ನಡುವೆ ಒಬ್ಬ ಯುವತಿಯಿದ್ದಳು, ಅವಳ ಬೆನ್ನಿಗೆ ಒತ್ತಿಕೊಂಡು ಒಬ್ಬ ಗಂಡಸು ನಿಂತಿದ್ದ. ಸಾಮೂಹಿಕ ಪ್ರದರ್ಶನವೊಂದರಲ್ಲಿ ಅದನ್ನು ತೂಗುಹಾಕಿದ ಎರಡನೆಯ ದಿನ ಒಬ್ಬರು ಬಂದು ಅದರೆದುರು ಬಹಳ ಹೊತ್ತು ನಿಂತರು. ಆಮೇಲೆ ಮೊಬೈಲ್ ತೆಗೆದು, ಯುವತಿಯ ಕತ್ತು ಮತ್ತು ಭುಜದ ಭಾಗವನ್ನಷ್ಟೇ ಹತ್ತಿರಕ್ಕೆ ತಂದುಕೊಂಡು ಫೋಟೊ ಹೊಡೆದು ಹೋದರು. ಅವರ ಉದ್ದೇಶ ಏನಿತ್ತೋ ನಾನು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ನನಗೇ ಇತ್ತು: ಬೆಳಕನ್ನೆಲ್ಲ ಅವಳ ಕತ್ತಿನ ಮೇಲೆ ತಂದು ಸುರಿದವಳು ನಾನೇ, ಗಂಡಸಿನ ಮುಖವನ್ನು ನೆರಳಿಗೆ ತಳ್ಳಿದವಳೂ ನಾನೇ. ನೋಡುವವರ ಕಣ್ಣಿಗೆ ಆ ಹುಡುಗಿಯ ಮೈಯನ್ನು ಬಿಟ್ಟು ಬೇರೇನನ್ನೂ ನಾನು ಉಳಿಸಿರಲಿಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ತಪ್ಪಿತ್ತು, ಅದು ಕಣ್ಣಿಗೆ ಬೀಳಲು ಕೆಲವು ತಿಂಗಳು ಬೇಕಾಯಿತು. ಯುವತಿಗೆ ಮಾಸಿದ ಬೂದುಬಣ್ಣದ, ಕತ್ತಿನವರೆಗೆ ಗುಂಡಿ ಹಾಕಿದ ಹತ್ತಿಯ ಕುರ್ತಾ ತೊಡಿಸಿದ್ದೆ. ಬಣ್ಣಗಳ ಹೊಂದಾಣಿಕೆಗೆಂದು ಹಾಗೆ ಮಾಡಿದೆನೆಂದು ನಂಬಿಕೊಂಡಿದ್ದೆ; ನಿಜದಲ್ಲಿ, ಅವಳ ಉಡುಪಿನ ಬಗ್ಗೆ ಯಾರೂ ಮಾತಾಡದಂತೆ ಮುಂಚಿತವಾಗಿಯೇ ಸಮಜಾಯಿಷಿ ಕೊಟ್ಟಿದ್ದೆ. ಜಸ್ಮೀನ್ ಪಥೇಜಾ ಅವರು ಬೆಂಗಳೂರಿನಲ್ಲಿ 2003ರಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಬಳಗವು, ಕಿರುಕುಳವಾದ ಹೊತ್ತಿನಲ್ಲಿ ಹೆಂಗಸರು ತೊಟ್ಟಿದ್ದ ಬಟ್ಟೆಗಳನ್ನು ಅವರಿಂದಲೇ ಪಡೆದು ಜನರೆದುರು ಇಡುವ ಕೆಲಸವನ್ನು ಮಾಡಿಕೊಂಡು ಬಂದಿದೆ. ಬಟ್ಟೆಗೂ ನಡೆದದ್ದಕ್ಕೂ ಸಂಬಂಧವಿಲ್ಲವೆಂಬುದನ್ನು ಅವರು ಬಟ್ಟೆಗಳಿಂದಲೇ ಹೇಳಿಸುತ್ತಿರುವಾಗ, ನಾನು ಮನೆಯಲ್ಲಿ ಕುಳಿತು ಒಂದು ಕುರ್ತಾಕ್ಕೆ ಕತ್ತಿನವರೆಗೆ ಗುಂಡಿ ಹಾಕುತ್ತಿದ್ದೆ.

ಆ ಚಿತ್ರವನ್ನು ಕಟ್ಟಿನಿಂದ ಬಿಚ್ಚಿ ಸುತ್ತಿಟ್ಟೆ. ನನಗಿಂತ ಮೊದಲು ಈ ತೊಡಕನ್ನು ಎದುರಿಸಿದವರು ಏನು ಮಾಡಿದರೆಂದು ಹುಡುಕಿದಾಗ ಹೆಚ್ಚು ಕಲಿಸಿದ್ದು ಸುಸಾನಾಳ ಚಿತ್ರಗಳು. ಸ್ನಾನ ಮಾಡುತ್ತಿರುವ ಸುಸಾನಾಳನ್ನು ಇಬ್ಬರು ಹಿರಿಯರು ಕದ್ದು ನೋಡಿ ಬೆದರಿಸುವ ಬೈಬಲ್ ಕಥೆ ಯುರೋಪಿನ ಹಳೆಯ ಚಿತ್ರಕಾರರಿಗೆ ಬಹಳ ಪ್ರಿಯವಾದ ವಸ್ತು. ತಿಂತೊರೆತ್ತೊ ಬರೆದ ಹೆಸರುವಾಸಿ ಚಿತ್ರದಲ್ಲಿ ಅವಳು ತೋಟದಲ್ಲಿ ಕನ್ನಡಿ ನೋಡಿಕೊಳ್ಳುತ್ತ ನಿಶ್ಚಿಂತಳಾಗಿ ಕುಳಿತಿದ್ದಾಳೆ, ಬೆಳಕೆಲ್ಲ ಅವಳ ಮೈಮೇಲಿದೆ. ಅಂದರೆ ನನ್ನ ಬಸ್ಸಿನ ಚಿತ್ರ ಎಲ್ಲಿಂದ ಬಂದಿತ್ತೆಂಬುದು ಸ್ಪಷ್ಟವಾಯಿತು. ಇಟಲಿಯ ಚಿತ್ರಕಾರ್ತಿ ಆರ್ತೆಮಿಸಿಯಾ ಜೆಂತಿಲೆಸ್ಕಿ 1610ರಲ್ಲಿ, ತನ್ನ ಹದಿನೇಳರ ವಯಸ್ಸಿನಲ್ಲಿ ಬರೆದ ಸುಸಾನಾಳಿಗೆ ತೋಟವೂ ಇಲ್ಲ, ಕನ್ನಡಿಯೂ ಇಲ್ಲ. ಕೂರಲು ಬರಿಯ ಕಲ್ಲಿದೆ. ಬೆನ್ನ ಹಿಂದಿನ ಕಲ್ಲುಗೋಡೆಯ ಮೇಲಿನಿಂದ ಇಬ್ಬರೂ ಅವಳ ತಲೆಯ ಮೇಲೆಯೇ ಬಾಗಿದ್ದಾರೆ. ಅವಳು ಮೈಯನ್ನು ತಿರುಚಿ ಎರಡೂ ಕೈಗಳನ್ನು ಅಡ್ಡ ಹಿಡಿದಿದ್ದಾಳೆ. ಮುದ್ರಿತ ಪ್ರತಿಯೊಂದನ್ನು ಗೋಡೆಗೆ ಅಂಟಿಸಿಕೊಂಡು ಹದಿನೈದು ದಿನ ಆ ಕೈಗಳನ್ನಷ್ಟೇ ಪೆನ್ಸಿಲಿನಲ್ಲಿ ನಕಲು ಮಾಡಿದೆ. ಬೆತ್ತಲೆ ಮೈಯನ್ನು ಬರೆದೂ ನೋಡುವವರನ್ನು ಆ ಹಿರಿಯರ ಜೊತೆ ಸೇರಿಸದೆ ಇರುವುದು ಆರ್ತೆಮಿಸಿಯಾಗೆ ಸಾಧ್ಯವಾಗಿದೆ. ಅಷ್ಟು ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ಆದರೆ ಹೇಳಬೇಕಾದದ್ದನ್ನು ಕೈಗಳು ಹೇಳಬಲ್ಲವು ಎಂಬಷ್ಟು ಸಿಕ್ಕಿತು.

ಆಮೇಲೆ ಪರಿಚಯದ ಹೆಂಗಸರ ಬಳಿಗೆ ಹೋದೆ. ಮೊದಮೊದಲು ಏನಾಯಿತೆಂದು ಹೇಳಿಸಿಕೊಂಡು ಬರೆದುಕೊಳ್ಳುತ್ತಿದ್ದೆ. ಹೇಳುವವರಿಗೆ ಸಂಕಟವಾಗುತ್ತಿತ್ತು, ನನಗೆ ಚಿತ್ರವೂ ಸಿಗುತ್ತಿರಲಿಲ್ಲ. ಬಳಿಕ ಕಥೆ ಕೇಳುವುದನ್ನು ಬಿಟ್ಟು, “ಬಸ್ಸಿನಲ್ಲಿ ಹೇಗೆ ನಿಲ್ಲುತ್ತೀರೋ ಹಾಗೆ ಒಂದು ಐದು ನಿಮಿಷ ನಿಲ್ಲಿ” ಎಂದಷ್ಟೇ ಕೇಳತೊಡಗಿದೆ. ದಾವಣಗೆರೆಯಲ್ಲಿರುವ ನನ್ನ ಚಿಕ್ಕಮ್ಮ ಹರಿಹರದ ಶಾಲೆಯೊಂದಕ್ಕೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವರು. “ನನಗೆ ಅಂಥದ್ದೇನೂ ಆಗಿಲ್ಲ ಬಿಡವ್ವ” ಎನ್ನುತ್ತಲೇ ಅವರು ಹಜಾರದ ನಡುವೆ ಎದ್ದು ನಿಂತರು. ಎಡಗೈ ತಾನಾಗಿ ಇಲ್ಲದ ಬ್ಯಾಗನ್ನು ಎದೆಯ ಮುಂದಕ್ಕೆ ತಂದುಕೊಂಡಿತು. ಬಲ ಮೊಣಕೈ ಹಿಂದಕ್ಕೆ ಚಾಚಿ ಗಟ್ಟಿಯಾಯಿತು. ಆ ಕೈಯ ಹೆಬ್ಬೆರಳೂ ತೋರುಬೆರಳೂ ಏನನ್ನೋ ಹಿಡಿದಂತೆ ಕೂಡಿಕೊಂಡವು.

“ಬೆರಳಲ್ಲೇನು ಚಿಕ್ಕಮ್ಮ ಅದು?”

“ಪಿನ್ನು.”

“ಏನೂ ಆಗಿಲ್ಲ ಅಂದಿರಲ್ಲ?”

“ಆಗದಿರಲಿ ಅಂತಲೇ ಅಲ್ಲವೇನವ್ವ ಪಿನ್ನು?”

ಸರಣಿಯ ರೂಪ ನಿಶ್ಚಯವಾದದ್ದು ಅಂದು. ನೋಡುವ ಕಣ್ಣನ್ನು ಬಸ್ಸಿನ ಹೊರಗಿನಿಂದ ತೆಗೆದು, ಐದು ಅಡಿ ಒಂದು ಅಂಗುಲ ಎತ್ತರದ ಹೆಂಗಸಿನ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಆ ಮಟ್ಟದಿಂದ ತುಂಬಿದ ಬಸ್ಸಿನಲ್ಲಿ ಮುಖಗಳು ಹೆಚ್ಚು ಕಾಣುವುದಿಲ್ಲ. ಅಂಗಿಯ ಗುಂಡಿಗಳು, ಬೆವರಿದ ಕಂಕುಳು, ಮೇಲಿನ ಸರಳನ್ನು ಹಿಡಿದ ಕೈಗಳು, ಅವುಗಳ ನಡುವೆ ಅರ್ಧ ಮರೆಯಾದ ‘ಮಹಿಳೆಯರಿಗೆ’ ಎಂಬ ಅಕ್ಷರಗಳು ಕಾಣುತ್ತವೆ. ಅವಳ ಮೈ ಚಿತ್ರದಲ್ಲಿಲ್ಲ, ಕೆಳಗಿನ ಅಂಚಿನಲ್ಲಿ ಹಿಂದಕ್ಕೆ ಚಾಚಿದ ಮೊಣಕೈಯೂ ಆ ಕೈಯ ಬೆರಳುಗಳೂ ಮಾತ್ರ ಇವೆ. ಇದು ಹೇಳಿದಷ್ಟು ಸುಲಭದ ಕೆಲಸವಲ್ಲ. ಮಡಿಸಿದ ಮೊಣಕೈಯ ತುದಿಯಲ್ಲಿ ಮೂಳೆಯ ಮೇಲೆ ಚರ್ಮ ಬಿಗಿದು ಬಿಳಿಚಿಕೊಳ್ಳುತ್ತದೆ, ಅದರ ಸುತ್ತ ಮಾತ್ರ ಕಪ್ಪು ಸುಕ್ಕುಗಳು ಉಳಿಯುತ್ತವೆ. ಬಿಳಿಯನ್ನು ತುಸು ಹೆಚ್ಚು ಹಚ್ಚಿದರೆ ಗಾಯದಂತೆ, ಕಡಿಮೆ ಮಾಡಿದರೆ ಸುಮ್ಮನೆ ಇಳಿಬಿಟ್ಟ ತೋಳಿನಂತೆ ಕಾಣುತ್ತದೆ. ಸುಟ್ಟ ಸಿಯೆನ್ನಾ ಎಂಬ ಕೆಂಗಂದು ಬಣ್ಣದ ತೆಳುವಾದ ತಳಪದರ ಹಾಕಿ, ಅದು ಒಣಗಿದ ಮೇಲೆ ಹಳದಿ ಕಾವಿಯೂ ಬಿಳಿಯೂ ಬೆರೆತ ಗಟ್ಟಿ ಬಣ್ಣವನ್ನು ಒಂದೇ ಎಳೆತದಲ್ಲಿ ಇಟ್ಟಾಗ ಮಾತ್ರ ಆ ಬಿಗಿ ಬಂತು. ನಿಜವಾದ ಪಿನ್ನನ್ನೇ ಕ್ಯಾನ್ವಾಸಿಗೆ ಚುಚ್ಚುವ ಆಲೋಚನೆಯೂ ಬಂದಿತ್ತು, ಚುಚ್ಚಿಯೂ ನೋಡಿದೆ. ಬಂದವರೆಲ್ಲ ಪಿನ್ನನ್ನು ಮುಟ್ಟಿ ನೋಡುವ ಆಟವಾಗುತ್ತದೆಂದು ತೋರಿ ತೆಗೆದುಬಿಟ್ಟು, ಬೆರಳುಗಳ ನಡುವೆ ಪಿನ್ನನ್ನು ಬಣ್ಣದಲ್ಲೇ ಬರೆದೆ.

ಬೀದಿಯ ಚಿತ್ರಗಳಲ್ಲಿ ಬೆಳಕೇ ಮುಖ್ಯ ಸಮಸ್ಯೆಯಾಯಿತು. ಸೋಡಿಯಂ ದೀಪದ ಹಳದಿಯಲ್ಲಿ ಕೆಂಪು ಬಟ್ಟೆ ಕಂದಾಗುತ್ತದೆ, ನೀಲಿ ಬಹುತೇಕ ಕಪ್ಪಾಗುತ್ತದೆ. ಹಾಗಾಗಿ ಅಲ್ಲಿ ನೀಲಿಯನ್ನೇ ಬಳಸಲಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮಳೆಮರಗಳ ಕೊಂಬೆಗಳು ದೀಪಕ್ಕೆ ಅಡ್ಡ ಬಂದು ಫುಟ್‌ಪಾತ್ ಕತ್ತಲಾಗಿರುತ್ತದೆ, ಹೆಂಗಸರು ಅಷ್ಟು ದೂರವನ್ನು ಬಿಟ್ಟು ರಸ್ತೆಗಿಳಿದು ನಡೆಯುತ್ತಾರೆ. ಅಂಥ ಖಾಲಿ ಫುಟ್‌ಪಾತ್ ಒಂದನ್ನು, ಒಬ್ಬರೂ ಇಲ್ಲದಂತೆ, ಐದು ಅಡಿ ಉದ್ದಕ್ಕೆ ಬರೆದೆ. ಗಂಡಸರಲ್ಲಿ ಹಲವರು ಅದನ್ನು ಒಳ್ಳೆಯ ನಿಸರ್ಗಚಿತ್ರವೆಂದು ಮೆಚ್ಚಿಕೊಂಡರು.

2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ ಮತ್ತು ಬ್ರಿಗೇಡ್ ರಸ್ತೆಯಲ್ಲಿ, ಹೊಸವರ್ಷದ ಗುಂಪಿನ ನಡುವೆ ಹೆಂಗಸರ ಮೇಲೆ ನಡೆದ ಕಿರುಕುಳವನ್ನು ಏಕೆ ಬರೆಯಲಿಲ್ಲವೆಂದು ಕೆಲವರು ಕೇಳಿದ್ದಾರೆ. ನನ್ನ ಬಳಿ ಇದ್ದದ್ದು ಪತ್ರಿಕೆಗಳಲ್ಲಿ ಬಂದ ಫೋಟೊಗಳು ಮಾತ್ರ. ಅವುಗಳಲ್ಲಿರುವ ಹುಡುಗಿಯರು ತಮ್ಮ ಮುಖವನ್ನು ಚಿತ್ರಕ್ಕೆಂದು ಕೊಟ್ಟವರಲ್ಲ. ಆ ಗುಂಪಿನ ಬದಲಿಗೆ ನನಗೆ ವಿರಾಟನ ಸಭೆ ಒದಗಿತು. ಕೀಚಕ ಸೈರಂಧ್ರಿಯನ್ನು ಅಟ್ಟಿಸಿಕೊಂಡು ಬಂದು ತುಂಬಿದ ಸಭೆಯಲ್ಲಿ ಒದೆಯುತ್ತಾನೆ, ರಾಜ ಸುಮ್ಮನಿರುತ್ತಾನೆ, ಕಂಕನ ವೇಷದ ಧರ್ಮರಾಯನೂ ಸುಮ್ಮನಿರುತ್ತಾನೆ. ಚಿಕ್ಕಂದಿನಲ್ಲಿ ನೋಡಿದ ಬಯಲಾಟದಲ್ಲಿ ಕೀಚಕನ ಕಿರೀಟಕ್ಕೂ ಕುಣಿತಕ್ಕೂ ಸಿಳ್ಳೆ ಬೀಳುತ್ತಿತ್ತು. ರಾಜಾ ರವಿವರ್ಮನೂ ಕೀಚಕ ಮತ್ತು ಸೈರಂಧ್ರಿಯರನ್ನು ಬರೆದಿದ್ದಾನೆ. ನಾನು ಇಬ್ಬರನ್ನೂ ಬಿಟ್ಟು ಸಭೆಯನ್ನಷ್ಟೇ ಬರೆದೆ: ಬಸ್ಸಿನ ಸೀಟುಗಳಲ್ಲಿ ಕುಳಿತ ಒಂಬತ್ತು ಜನ, ಒಬ್ಬನ ಕಣ್ಣು ಮೊಬೈಲಿನಲ್ಲಿ, ಒಬ್ಬಳ ಕಣ್ಣು ಕಿಟಕಿಯಾಚೆ, ಒಬ್ಬರು ಟಿಕೆಟ್ಟನ್ನು ಓದುತ್ತಿದ್ದಾರೆ. ಕಿಟಕಿಯಾಚೆ ನೋಡುತ್ತಿರುವವಳಿಗೆ ನನ್ನದೇ ಮುಖವಿದೆ. ಒಮ್ಮೆ ಹಾಗೆ ನೋಡಿದ್ದೇನೆ.

ಹೆಸರಿಡುವಾಗ ಭಾಷೆಯೂ ಕೈಕೊಟ್ಟಿತು. ‘ಚುಡಾಯಿಸುವುದು’ ಎಂದರೆ ಅತ್ತಿಗೆ ಮೈದುನರ ಸಲಿಗೆಯಂತೆ ಕೇಳಿಸುತ್ತದೆ, ಪತ್ರಿಕೆಗಳ ‘ಬೀದಿ ಕಾಮಣ್ಣ’ನಲ್ಲಿ ಹೋಳಿಯ ತಮಾಷೆಯಿದೆ, 2013ರ ತಿದ್ದುಪಡಿಯಿಂದ ಕಾನೂನಿಗೆ ಸೇರಿದ ‘ಲೈಂಗಿಕ ಕಿರುಕುಳ’ ಠಾಣೆಯ ಕಾಗದದಲ್ಲಷ್ಟೇ ಹೊಂದುತ್ತದೆ. ಕೊನೆಗೆ ಚಿತ್ರಗಳಿಗೆ ಹೊತ್ತನ್ನೇ ಹೆಸರಾಗಿಟ್ಟೆ. ಮೊಣಕೈಯ ಚಿತ್ರದ ಹೆಸರು ‘ಸಂಜೆ 6.40’.

ಅದು ಮುಗಿದ ಮೇಲೆ ಚಿಕ್ಕಮ್ಮನನ್ನು ಕರೆಸಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಹತ್ತಿರ ಹೋದವರು ಮೊಣಕೈಯ ಬಗ್ಗೆ ಏನೂ ಹೇಳಲಿಲ್ಲ. “ಪಿನ್ನನ್ನ ಹಿಂಗೆ ಹಿಡಿಯೋದಲ್ಲವ್ವ” ಎಂದರು. “ಇಷ್ಟುದ್ದ ಹೊರಗೆ ಬಿಟ್ಟರೆ ಡ್ರೈವರ್ ಬ್ರೇಕ್ ಹಾಕಿದಾಗ ಪಕ್ಕದ ಮಗುವಿಗೆ ಚುಚ್ಚುತ್ತೆ. ಉಗುರಿನಾಚೆ ಅಕ್ಕಿಕಾಳಿನಷ್ಟು ಕಂಡರೆ ಸಾಕು.” ಅವರು ಊರಿಗೆ ಹೊರಟ ಮೇಲೆ ಪಿನ್ನಿನ ಉಳಿದ ಭಾಗವನ್ನು ಹೆರೆದು ತೆಗೆದು, ಆ ಜಾಗಕ್ಕೆ ಬೆರಳಿನ ಬಣ್ಣ ತುಂಬಿ, ತುದಿಯನ್ನು ಅತಿ ಸಣ್ಣ ಕುಂಚದಲ್ಲಿ ಹೊಸದಾಗಿ ಇಟ್ಟೆ.