ಹಳದಿ ಗೆರೆ ಯಾರದು?

ರಾತ್ರಿ ಎರಡೂವರೆಗೆ ಎಚ್ಚರಿಕೆಯ ಕರೆ ಬಂತು. ಲ್ಯಾಪ್‌ಟಾಪ್ ತೆರೆದರೆ, ಸರ್ವರ್‌ಗಳ ಸ್ಥಿತಿಯನ್ನು ಗೆರೆಗಳಲ್ಲಿ ತೋರಿಸುವ ಗ್ರಫಾನಾ ತಂತ್ರಾಂಶದ ಗ್ರಾಫಿನಲ್ಲಿ ಹಳದಿ ಗೆರೆಯೊಂದು ನೆತ್ತಿಗೇರಿತ್ತು. ಹಳದಿ ಎಂದರೆ ಎರಡನೆಯ ಡೇಟಾಬೇಸ್ ಸರ್ವರ್. ತಿಂಗಳುಗಟ್ಟಲೆ ನೋಡಿ ಕಣ್ಣಿಗೆ ರೂಢಿಯಾಗಿತ್ತು. ಹೆಸರು ಓದದೆ ಅದನ್ನೇ ರೀಸ್ಟಾರ್ಟ್ ಮಾಡಿದೆ. ಗೆರೆ ಇಳಿಯಲಿಲ್ಲ.

ಅಂದು ಸಂಜೆ ಹೊಸ ಸರ್ವರ್ ಒಂದು ಸೇರಿತ್ತು. ಗ್ರಫಾನಾದ ಹಳೆಯ ಪ್ಯಾಲೆಟ್, ಎಂದರೆ ಬಣ್ಣಗಳ ಸಿದ್ಧ ಪಟ್ಟಿ, ಸಾಲಿನಲ್ಲಿ ಮೊದಲು ನಿಂತದ್ದಕ್ಕೆ ಹಸಿರು, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ತಿಳಿನೀಲಿ ಹಂಚುತ್ತದೆ. ಹೊಸಬನ ಹೆಸರು ಅಕಾರಾದಿಯಲ್ಲಿ ಮುಂದಿದ್ದುದರಿಂದ ಹಸಿರು ಅದರ ಪಾಲಾಗಿ, ಹಳದಿ ಮೊದಲನೆಯ ಡೇಟಾಬೇಸಿಗೆ ಹೋಗಿತ್ತು. ನಾನು ಆರೋಗ್ಯವಾಗಿದ್ದ ಯಂತ್ರವನ್ನು ಬೀಳಿಸಿದ್ದೆ.

ಮರುದಿನವೇ ಕುಳಿತು ಬಣ್ಣವನ್ನು ಸ್ಥಾನದಿಂದ ಬಿಡಿಸಿ ಹೆಸರಿಗೆ ಕಟ್ಟಿದೆ. ಪ್ರತಿ ಪ್ಯಾನೆಲ್‌ನಲ್ಲೂ (ಒಂದೊಂದು ಗ್ರಾಫಿನ ಚೌಕದಲ್ಲೂ) ತಾನಾಗಿ ಬರುವ ಬಣ್ಣವನ್ನು ಬದಲಿಸುವ ಓವರ್‌ರೈಡ್ ಬರೆದು, ರೆಜೆಕ್ಸ್ ಎಂಬ ಹುಡುಕು ಮಾದರಿಯಿಂದ ಹೆಸರು ಹಿಡಿದು, ಒಂದೊಂದಕ್ಕೂ ಖಾಯಂ ಬಣ್ಣ ಕೊಟ್ಟೆ. ಹೆಸರು ನೋಡಿ ತಾನಾಗಿಯೇ ಬಣ್ಣ ಕೊಡುವ ಆಯ್ಕೆ ಈಚಿನ ಆವೃತ್ತಿಗಳಲ್ಲಿದೆ. ಆದರೆ ಅದರಲ್ಲಿ ಎರಡು ಹೆಸರಿಗೆ ಒಂದೇ ಬಣ್ಣ ಬೀಳಬಹುದು. ಹಾಗಾಗಿ ನಾನು ಅದನ್ನು ನೆಚ್ಚಲಿಲ್ಲ.

ಕೆಂಪನ್ನು ತಪ್ಪುಗಳಿಗೆ ಮಾತ್ರ ಮೀಸಲಿಟ್ಟೆ. ವೆಬ್ ಸರ್ವರ್ ಕೊಡುವ ಎಚ್‌ಟಿಟಿಪಿ ಉತ್ತರಗಳಲ್ಲಿ 500ರ ಸರಣಿಯವು (ಸರ್ವರ್‌ನದೇ ತಪ್ಪು) ಕೆಂಪು, 400ರವು (ಕೋರಿಕೆಯಲ್ಲೇ ದೋಷ) ಕಿತ್ತಳೆ, 200ರವು (ಯಶಸ್ವಿ) ಹಸಿರು. ಸಿಪಿಯು ಗ್ರಾಫಿನಲ್ಲಿ ಡಿಸ್ಕಿಗಾಗಿ ಕಾಯುವ ಹೊತ್ತು ಎಲ್ಲ ಸರ್ವರ್‌ಗಳಲ್ಲೂ ಒಂದೇ ನೇರಳೆ. ಪ್ರತಿಕ್ರಿಯೆಗೆ ತಗಲುವ ಸಮಯಕ್ಕೆ ಮೂರು ಬಣ್ಣ ಬೇಡವೆನಿಸಿತು: 50, 95, 99ನೇ ಪರ್ಸೆಂಟೈಲ್‌ಗಳಿಗೆ (ನೂರರಲ್ಲಿ ಅಷ್ಟು ಕೋರಿಕೆಗಳು ಮುಗಿಯುವ ಹೊತ್ತಿಗೆ) ಒಂದೇ ನೀಲಿಯ ತೆಳುವಿನಿಂದ ಗಾಢದವರೆಗಿನ ಮೂರು ಛಾಯೆ. ಗಾಢ ಏರಿದರೆ ಕೆಲವರಿಗಷ್ಟೇ ತೊಂದರೆ, ತೆಳುವೂ ಏರಿದರೆ ಎಲ್ಲರಿಗೂ.

ಇಷ್ಟೆಲ್ಲ ಮಾಡಿ ತಂಡಕ್ಕೆ ತೋರಿಸಿದಾಗ ಹುಡುಗನೊಬ್ಬ ಪರದೆಯ ಹತ್ತಿರ ಬಂದು ಹೇಳಿದ: "ಸರ್, ಈ ಕೆಂಪು, ಈ ಹಸಿರು, ಎರಡೂ ನನಗೆ ಒಂದೇ ಕಂದು ಬಣ್ಣವಾಗಿ ಕಾಣುತ್ತವೆ." ಎರಡು ವರ್ಷದಿಂದ ಅವನು ರಾತ್ರಿ ಪಾಳಿ ಮಾಡುತ್ತಿದ್ದ, ನಾವು ಯಾರೂ ಕೇಳಿರಲಿಲ್ಲ. ಅದು ನನ್ನನ್ನು ತಪ್ಪು ರೀಸ್ಟಾರ್ಟ್‌ಗಿಂತ ಹೆಚ್ಚು ಕಾಡಿತು. ವರ್ಣಾಂಧರಿಗೂ ಬೇರೆಯಾಗಿ ಕಾಣುವಂತೆ ಜಪಾನಿನ ಓಕಾಬೆ ಮತ್ತು ಇಟೋ ಆಯ್ದ ಎಂಟು ಬಣ್ಣಗಳ ಪಟ್ಟಿಯಿದೆ. ಅದರಿಂದ ಕಿತ್ತಳೆಯತ್ತ ವಾಲಿದ ಕೆಂಪನ್ನೂ ನೀಲಿ ಬೆರೆತ ಹಸಿರನ್ನೂ ತೆಗೆದುಕೊಂಡೆ. 400ರವಕ್ಕೆ ಆಕಾಶನೀಲಿ ಕೊಟ್ಟೆ. ತಪ್ಪಿನ ಗೆರೆಯನ್ನು ದಪ್ಪ ಮಾಡಿದೆ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಪರೀಕ್ಷಿಸಿದೆ.

ಬಣ್ಣಗಳ ಪಟ್ಟಿ ಈಗ ಕಡತಗಳ ಬದಲಾವಣೆಯನ್ನು ದಾಖಲಿಸುವ ಗಿಟ್‌ನಲ್ಲಿದೆ. ಹೊಸ ಸರ್ವರ್ ತರುವವರು ಮೊದಲು ಅಲ್ಲಿ ಒಂದು ಸಾಲು ಸೇರಿಸಬೇಕು. ಕಳೆದ ತಿಂಗಳು ಎರಡನೆಯ ಡೇಟಾಬೇಸನ್ನು ತೆಗೆದೆವು. ಹದಿಮೂರು ತಿಂಗಳ ಹಳೆಯ ಅಂಕಿಅಂಶ ನಮ್ಮಲ್ಲಿ ಉಳಿದಿರುತ್ತದೆ. ಆ ಸರ್ವರ್‌ನ ಅಂಕಿಅಂಶ ಅಳಿದುಹೋಗುವವರೆಗೆ ಅದರ ಹಳದಿಯನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ.